ಕಚ್ಚಿ ನೋಡಿ

ಮಸ್ಕತ್ತಿನ ಸೇನಾ ಆಸ್ಪತ್ರೆಯ ನೆಲಮಾಳಿಗೆ,
ಕಿಟಕಿಯಿಲ್ಲದ ನನ್ನ ಲ್ಯಾಬು.
ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ದವಡೆಗಳು,
ಹಳದಿ ಕಲ್ಲುಪುಡಿಯಲ್ಲಿ ಎರಕ ಹೊಯ್ದವು:
ಸಾರ್ಜೆಂಟನದು, ಅಡುಗೆಯವನದು,
ಬ್ಯಾಂಡಿನಲ್ಲಿ ತುತ್ತೂರಿ ಊದುವವನದು.
ಹೆಸರು ತಳದಲ್ಲಿ ಪೆನ್ಸಿಲಿನಲ್ಲಿದೆ.
ಮೇಲಿಂದ ನೋಡಿದರೆ ಯಾರಿಗೂ ದರ್ಜೆಯಿಲ್ಲ.

ರಾತ್ರಿ ಎಂಟೂವರೆಗೆ ಇಲ್ಲಿಗೆ ಬಂದಳು
ಕ್ಯಾಪ್ಟನ್ ಥುರಯ್ಯಾ ಅಲ್ ಹಬ್ಸಿಯ್ಯಾ,
ಹೊಳೆವ ಬೂಟಿಗೆ ಪುಡಿ ಮೆತ್ತುವುದನ್ನು ಲೆಕ್ಕಿಸದೆ,
ಕೈಯಲ್ಲೊಂದು ನೀಲಿ ಕಡತ.
ನಾಳೆ ಹತ್ತು ಗಂಟೆಗೆ ಸಹಿ.

ಅರಬ್ಬಿಗೆ ಹಿಂದಿ ಕಲಸಿದ ನಮ್ಮಿಬ್ಬರ ಭಾಷೆಯಲ್ಲಿ
ಲೆಕ್ಕ ಒಪ್ಪಿಸಿದಳು.
ಜೋರ್ಡಾನಿನಲ್ಲಿ ಐದು ವರ್ಷ ಓದಿಸಿತು ಸೇನೆ;
ಒಂದಕ್ಕೆ ಎರಡರಂತೆ ಹತ್ತು.
ಈಗ ಕೃತಕ ದಂತದ ರೆಸಿಡೆನ್ಸಿ, ನಾಲ್ಕು ವರ್ಷ,
ಅದಕ್ಕೆ ಎಂಟು.
ಬೆರಳು ಸಾಲದೆ ಹಲ್ಲಿನ ಮೇಲೆ ನಾಲಿಗೆಯೋಡಿಸಿ ಎಣಿಸಿದಳು,
ಬಲದ ಬುದ್ಧಿಹಲ್ಲಿನಿಂದ ಹೊರಟು
ಎಡದಂಚು ಮುಟ್ಟಿ
ಕೆಳಸಾಲಿಗಿಳಿದು ಇನ್ನೆರಡು.
ಮುಗಿಯುವಾಗ ಐವತ್ತರ ಹತ್ತಿರ, ಎಂದಳು.
ನಿಜ್ವಾದಲ್ಲಿ ಅವಳ ತಾಯಿ ಒಂದು ಕೋಣೆ ನೋಡಿಟ್ಟಿದ್ದಾಳಂತೆ,
ಔಷಧದಂಗಡಿಯ ಮೇಲೆ, ಎರಡು ಕುರ್ಚಿ ಹಿಡಿಯುವಷ್ಟು.

ನಾನು ಮೇಣ ಕಾಯಿಸುತ್ತಿದ್ದೆ.
ಗಂಗೊಳ್ಳಿಯ ಖಾರ್ವಿ ನಾನು. ನಮ್ಮಲ್ಲಿ
ಮುಂಗಡ ಕೊಟ್ಟವನ ದೋಣಿ ಹತ್ತಲೇಬೇಕು,
ಮೀನಿರಲಿ, ಬಿಡಲಿ.
ಸಾಲ ತೀರಿತೇ ಎಂದು ಕೇಳಿದರೆ
ಅಪ್ಪ ಬೀಡಿ ಹಚ್ಚುತ್ತಿದ್ದ.
ಅದನ್ನು ಹೇಳಲಿಲ್ಲ. ಹೇಳಿದ್ದು ಇಷ್ಟೇ:
"ಡಾಕ್ಟರೇ, ನನ್ನದು ಎರಡೆರಡು ವರ್ಷದ ಕಾಗದ."
"ಎಷ್ಟು ಸಲ?"
"ಒಂಬತ್ತು."

ಮೇಣದ ಚಾಕು ದೀಪದ ಮೇಲೆ ನಿಂತಿತು.

ಹದಿನೆಂಟು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.
ಕೇಳಿದ್ದರೆ ಓಡಿಹೋಗುತ್ತಿದ್ದೆನೇನೋ, ಗೊತ್ತಿಲ್ಲ.
ಎರಡು ಅಂದರೆ ಏನು ಮಹಾ ಅನ್ನಿಸುತ್ತದೆ.
ಮಗಳ ಹಾಲುಹಲ್ಲು ಬಿದ್ದದ್ದು ಒಂದು ಕಾಗದದಲ್ಲಿ,
ಬುದ್ಧಿಹಲ್ಲು ಬಂದದ್ದು ಇನ್ನೊಂದರಲ್ಲಿ.
ಎರಡನ್ನೂ ಫೋನಿನಲ್ಲಿ ನೋಡಿದೆ,
"ಆ ಅನ್ನು, ಇನ್ನೂ ದೊಡ್ಡಕೆ" ಅನ್ನುತ್ತ.

ಆಮೇಲೆ ನನ್ನ ಸ್ಟೂಲಿನ ಮೇಲೆ ಕೂತಳು.
ಪುಸ್ತಕದ್ದು ಬೇಡ, ನೀನು ಜೋಡಿಸುವ ಹಾಗೆ ಕಲಿಸು.
ನಿವೃತ್ತ ನಾವಿಕನೊಬ್ಬನ ಕೆಳದವಡೆ ಕೊಟ್ಟೆ,
ಎಲುಬೆಲ್ಲ ಕರಗಿ ಸವೆದ ಬಳೆಯ ಚೂರಿನಂಥದು.
ಇಂಥಲ್ಲಿ ಹಲ್ಲು ಅಂಟಿನಿಂದ ನಿಲ್ಲುವುದಿಲ್ಲ.
ಕೆನ್ನೆ ಒಳಕ್ಕೆ ಒತ್ತುತ್ತದೆ, ನಾಲಿಗೆ ಹೊರಕ್ಕೆ,
ಆ ಜಗಳ ತೂಗಿ ನಿಲ್ಲುವ ಗೆರೆಯೊಂದಿದೆ.
ಹುಡುಕುತ್ತ ಹನ್ನೊಂದಾಯಿತು.
ಮೂರು ಸಲ ಕರಗಿಸಿದಳು. ನಾಲ್ಕನೆಯದು ಸುಮಾರಾಯಿತು.
ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ,
ಅವಳು ಕೇಳಲೂ ಇಲ್ಲ.

ಮುಂದಿನ ವಾರ ಮುದುಕ ಬಂದ.
ನೀಲಿ ಹಾಳೆಯ ಚೂರು ನಡುವೆ ಹಿಡಿದು
"ಕಚ್ಚಿ ನೋಡಿ" ಎಂದಳು.
ಕಚ್ಚಿದ. ಖರ್ಜೂರ ಎಲ್ಲಿ ಎಂದ.
ಸಹಿಯಾಯಿತೇ ಎಂದು ನಾನು ಕೇಳಬೇಕಾಗಲಿಲ್ಲ;
ರೆಸಿಡೆನ್ಸಿಯ ಪಟ್ಟಿ ಲಿಫ್ಟಿನ ಪಕ್ಕ ಅಂಟಿಸಿದ್ದರು,
ಮೂರನೆಯ ಹೆಸರು.

ಈ ಚಳಿಗಾಲ ಅವಳನ್ನು ಖಸಬ್‌ಗೆ ಹಾಕಿದ್ದಾರೆ,
ಬೋಳು ಬೆಟ್ಟಗಳ ನಡುವೆ ಕಡಲು ನುಗ್ಗಿದ ಊರು.
ರಾತ್ರಿ ಕಾವಲಿನ ಹುಡುಗರಿಗೆಲ್ಲ ಹಲ್ಲುನೋವಂತೆ.
ಸೋಮವಾರದ ಹಡಗಿನಲ್ಲಿ ಡಬ್ಬಿ ಬರುತ್ತದೆ:
ಹತ್ತಿಯಲ್ಲಿ ಸುತ್ತಿದ ಅಚ್ಚುಗಳು, ಉಪ್ಪಿನ ವಾಸನೆ,
ಚೀಟಿಯಲ್ಲಿ ಅವಳ ಓರೆ ಅಕ್ಷರ.
ಹೆಸರು, ದರ್ಜೆ, ಬಣ್ಣ ಎ-ಮೂರೂವರೆ,
ಯಾವಾಗ ಬೇಕು ಎಂಬಲ್ಲಿ
"ಅವಸರವಿಲ್ಲ."

ನನ್ನ ಹತ್ತನೆಯ ಕಾಗದವೂ ಮುಗಿಯುತ್ತ ಬಂತು.
ನೀರಿಗೆ ಕಲ್ಲುಪುಡಿ ಉದುರಿಸಿ ಕದಡುತ್ತೇನೆ.
ಇದಕ್ಕೆ ಮಾತ್ರ ಅವಸರ,
ಹನ್ನೆರಡು ನಿಮಿಷಕ್ಕೆ ಗಟ್ಟಿಯಾಗಿಬಿಡುತ್ತದೆ.